ಎಡಗಣ್ಣಿನ ಕಾಲಂ

ಕನ್ನಡಕದ ಗಾಜು ಉಜ್ಜುವ ನಮ್ಮ ಕಾರ್ಖಾನೆಯಲ್ಲಿ ಮೌಸ್ ಮುಟ್ಟದವನು ನಾನೊಬ್ಬನೇ. ಅದೊಂದು ಜಂಬ. ಆಸ್ಪತ್ರೆಯಿಂದ ಬರುವ ಪಟ್ಟಿಯಲ್ಲಿ ಬಲಗಣ್ಣಿನ ನಂಬರು ಮೊದಲು, ಎಡಗಣ್ಣಿನದು ಆಮೇಲೆ. ನಮ್ಮ ಯಂತ್ರಕ್ಕೆ ಎಡಗಣ್ಣು ಮೊದಲು ಬೇಕು. ತಲೆಬರಹವಿಲ್ಲ, ಬರೀ ಅಂಕಿಗಳು. ನಾನು ಕಂಪ್ಯೂಟರಿನ ಎಡಿಟರಿನಲ್ಲಿ ಕರ್ಸರನ್ನು ಎರಡನೇ ಕಾಲಂನ ನೆತ್ತಿಗೆ ತಂದು, ಎರಡು ಕೀ ಒತ್ತಿ, ತಳದವರೆಗೆ ಇಳಿಸುತ್ತಿದ್ದೆ. ಅಕ್ಕಪಕ್ಕದ್ದೇನೂ ಅಲುಗದೆ ಆ ಕಾಲಂ ಒಂದೇ ಪಟ್ಟಾಗಿ ಎದ್ದು ಬರುತ್ತಿತ್ತು. ಕತ್ತರಿಸಿ ಮುಂದೆ ಅಂಟಿಸಿದರೆ ಮುಗಿಯಿತು. "ಇದೆಲ್ಲ ನಂಗೆ ನೀರು ಕುಡಿದಷ್ಟು ಸುಲಭ," ಎನ್ನುತ್ತಿದ್ದೆ.

ಒಂದು ದಿನ ಈ ಕೆಲಸದ ನಡುವೆ ಹೆಂಡತಿಯ ಫೋನ್ ಬಂತು. ಮಾತು ಮುಗಿಸಿ ಕೂತವನು, ಆಗಲೇ ಮಾಡಿದ್ದ ಕೆಲಸವನ್ನೇ ಮತ್ತೊಮ್ಮೆ ಮಾಡಿದೆ. ಎಡ ಬಲವಾಯಿತು, ಬಲ ಎಡವಾಯಿತು. ಅಕ್ಕ ಪರದೆಯ ಮೇಲೆ ಕಂಡಂತೆ ನಲವತ್ತು ಜೋಡಿ ಉಜ್ಜಿದರು. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಇಪ್ಪತ್ತೆರಡು ವರ್ಷ ಆ ಯಂತ್ರದ ಮುಂದೆ ನಿಂತವರು, ನನಗೆ ಕೆಲಸ ಕಲಿಸಿದವರು.

ಮೂರನೇ ದಿನ ನಲವತ್ತೂ ವಾಪಸು ಬಂದವು. ಮಾಲೀಕರು ಕೆಂಡಾಮಂಡಲವಾಗಿ "ಪಟ್ಟಿ ತೋರ್ಸು" ಎಂದು ನನ್ನತ್ತ ಬರುವಷ್ಟರಲ್ಲಿ ನನಗೆ ಎಲ್ಲ ಹೊಳೆದಿತ್ತು. ತಪ್ಪು ನನ್ನದು ಎನ್ನಲು ನಾಲಿಗೆ ಏಳಲಿಲ್ಲ. ಬೆರಳುಗಳು ಮಾತ್ರ ಚುರುಕಾಗಿದ್ದವು. ಆರೇಳು ಕೀ ಒತ್ತುವಷ್ಟರಲ್ಲಿ ಕಾಲಂ ತನ್ನ ಜಾಗಕ್ಕೆ ಹೋಯಿತು. ಸೇವ್ ಮಾಡಿದೆ.

"ಪಟ್ಟಿ ಸರಿಯಾಗೇ ಇದೆಯಲ್ಲ!" ಮಾಲೀಕರು ಅಕ್ಕನತ್ತ ತಿರುಗಿದರು. "ನಿಮ್ಮ ಕಣ್ಣೇನು ಹೋಯ್ತಾ?"

ನಾಚಿಕೆಯಿಂದ ನನಗೆ ಅನ್ನ ಸೇರಲಿಲ್ಲ, ಆದರೂ ಬಾಯಿ ಬಿಡಲಿಲ್ಲ. ಯಾರಾದರೂ ಪಟ್ಟಿಯ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಇಂಥ ಹೇಡಿ ನಾನು.

ಮರುವಾರ ಅಕ್ಕ ಕಣ್ಣಿನ ಡಾಕ್ಟರ ಚೀಟಿ ಹಿಡಿದು ನನ್ನ ಮೇಜಿಗೆ ಬಂದರು.

"ಕಣ್ಣು ಚೆನ್ನಾಗೇ ಇದೆಯಂತೆ ಕಣೋ. ಹಾಗಾದ್ರೆ ತಲೆನೇ ಕೆಟ್ಟಿರ್ಬೇಕು. ಎಡ ಬಲನೂ ಗೊತ್ತಾಗ್ಲಿಲ್ಲ ಅಂದ್ರೆ ಇನ್ನೇನು? ಮಷೀನ್ ಹತ್ರ ನಿಲ್ಲೋಕೆ ಭಯ ಆಗುತ್ತೆ. ನನ್ನನ್ನ ಪ್ಯಾಕಿಂಗಿಗೆ ಹಾಕಿ ಅಂತ ಒಂದು ಅರ್ಜಿ ಬರ್ಕೊಡು. ನೀನಾದ್ರೆ ತಪ್ಪಿಲ್ದೆ ಬರೀತೀಯ."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅಕ್ಕ ಸ್ಟೂಲೆಳೆದುಕೊಂಡು ಪಕ್ಕದಲ್ಲೇ ಕೂತರು. ನಾನು ಹೊಸ ಪುಟ ತೆರೆದು, "ಮಾನ್ಯರೇ" ಎಂದು ಶುರುಮಾಡಿ, ಒಂದಕ್ಷರವೂ ತಪ್ಪದಂತೆ ಟೈಪ್ ಮಾಡಿಕೊಟ್ಟೆ.