ವಾರ್ಡು ಮೂರರ ಆಮೆನ್

ನಮ್ಮ ಮೌಂಟ್ ಪಿಸ್ಗಾ ಚರ್ಚಿನವರಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಪಾದ್ರಿ ಒಂದು ಮಾತು ಹೇಳಿ ಉಸಿರೆಳೆದುಕೊಂಡಾಗ ಆ ಸಂದಿಯಲ್ಲಿ ನಾವು 'ಆಮೆನ್' ಅನ್ನದಿದ್ದರೆ ಅವರಿಗೆ ಮುಂದಿನ ಮಾತೇ ಹೊರಡುವುದಿಲ್ಲ. ಚರ್ಚಿನಲ್ಲಿ ಇದು ಚೆಂದ. ಕೌಂಟಿ ಮಂಡಳಿಯ ಸಭೆಯಲ್ಲಿ ಅಷ್ಟು ಚೆಂದವಲ್ಲ.

ಜಾರ್ಜಿಯಾ ರಾಜ್ಯದ ನಮ್ಮ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಮಂಡಳಿಯ ಸದಸ್ಯರು ಐದು ಜನ. ಅದರಲ್ಲಿ ಕಪ್ಪು ಮುಖ ಒಂದೇ: ವಾರ್ಡು ಮೂರರ ಅರ್ಲೀನ್ ಟಾಲಿವರ್. ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು. ಹಿಂದಿನ ಸೀಟಿನಲ್ಲಿ ಗಲಾಟೆ ಮಾಡುವ ಹುಡುಗರನ್ನು ಕನ್ನಡಿಯಲ್ಲಿ ನೋಡುತ್ತಿದ್ದ ಹಾಗೆಯೇ ಈಗ ಅಧ್ಯಕ್ಷ ಹಾರ್ಲನ್ ಡಾಡ್‌ನನ್ನು ನೋಡುತ್ತಾಳೆ. ಜನಗಣತಿ ಮುಗಿದು ವಾರ್ಡುಗಳ ಗೆರೆ ಹೊಸದಾಗಿ ಎಳೆಯುತ್ತಾರೆಂದು ತಿಳಿದದ್ದೇ, ಆ ಒಂದು ಕುರ್ಚಿ ಉಳಿಸಿಕೊಳ್ಳಲು ಇಡೀ ಚರ್ಚು ಟೋಪಿ ಕೈಚೀಲ ಸಮೇತ ಸಭೆಗೆ ಹೋಯಿತು. ವಾರ್ಡಿನಲ್ಲಿ ನಮ್ಮ ಕಪ್ಪು ಜನರ ಪಾಲು ಇಳಿಸುತ್ತಾರೆ ಎಂದುಕೊಂಡು ಅದಕ್ಕೆ ತಕ್ಕ ಭಾಷಣಗಳನ್ನು ಉರು ಹೊಡೆದಿದ್ದೆವು.

ಮಂಡಳಿಯ ವಕೀಲನ ಕಂಠ, ಏನು ಹೇಳಲಿ, ಅಪ್ಪಟ ಪಾದ್ರಿಯ ಕಂಠ.

"ವಾರ್ಡು ಮೂರರಲ್ಲಿ ಕಪ್ಪು ಜನರ ಪಾಲು ಇಳಿಯುವುದಿಲ್ಲ," ಎಂದ. ಉಸಿರೆಳೆದುಕೊಂಡ. "ಏರುತ್ತದೆ! ನೂರಕ್ಕೆ ಅರವತ್ತು!"

"ಆಮೆನ್!" ಎಂದರು ನಮ್ಮ ಚರ್ಚಿನ ಹಿರಿಯ, ಡೀಕನ್ ಮೇಫೀಲ್ಡ್. ಅವರ ಬೆನ್ನಿಗೇ ಮೂರು ಸಾಲು ಆಮೆನ್.

ಅರ್ಲೀನ್ ಮಾತ್ರ ನಕ್ಷೆಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. "ಈ ಹೊಸಬರ ಮನೆ ಎಲ್ಲಿ ಬರುತ್ತೆ?"

"ಪೂರ್ವಕ್ಕೆ, ಮೇಡಂ. ಹೆದ್ದಾರಿ ಪಕ್ಕ."

"ಹೆದ್ದಾರಿ ಪಕ್ಕ ಇರೋದು ಜೈಲು."

"ಯಾರು ಎಲ್ಲಿ ಮಲಗ್ತಾರೋ ಅಲ್ಲೇ ಅವರನ್ನ ಎಣಿಸ್ತಾರೆ ಜನಗಣತಿಯವರು, ಮೇಡಂ."

"ಅವರಿಗೆ ವೋಟು ಇದೆಯಾ?"

"ಅದು ಬೇರೆ ವಿಷಯ."

ವೋಟಿದ್ದ ನಮ್ಮವರೇ ತುಂಬಿದ್ದ ಸಾಮಿಲ್ ಬೀದಿಯನ್ನು ಮೂರನೇ ವಾರ್ಡಿನಿಂದ ತೆಗೆದು, ಸೀಳಿ, ಅರ್ಧ ಒಂದನೇ ವಾರ್ಡಿಗೆ, ಅರ್ಧ ಎರಡನೆಯದಕ್ಕೆ ಕೊಟ್ಟಿದ್ದರು. ಆ ಎರಡರಲ್ಲೂ ನಮ್ಮವರು ಸಾರಿಗೆ ಉಪ್ಪಿನಷ್ಟು. ಖಾಲಿಯಾದ ಜಾಗಕ್ಕೆ ಕೈದಿಗಳು.

"ನಿಮ್ಮವರೇ ಆಮೆನ್ ಅಂದ್ರಲ್ಲ ಮೇಡಂ," ಎಂದ ಡಾಡ್. ಗುಮಾಸ್ತೆಯ ಕಡೆ ತಿರುಗಿದ. "ನಡಾವಳಿಯಲ್ಲಿ ಬರ್ಕೊಳ್ಳಿ. ಸಾರ್ವಜನಿಕರು ಹರ್ಷದಿಂದ ಒಪ್ಪಿದರು."

ಆಮೇಲೆ ನಮಗೆ ತಲೆಗೆ ಎರಡೆರಡು ನಿಮಿಷ ಸಿಕ್ಕಿತು. ಪಾಲು ಇಳಿಸಬೇಡಿ ಎಂಬ ಭಾಷಣವನ್ನು ಪಾಲು ಏರಿಸಿದವರ ಮುಂದೆ ಓದುವುದು ಹೇಗೆ? ಕೆಲವರು ಓದಿಯೇ ಓದಿದರು. ಡಾಡ್ ಪಾಪ, ತಲೆಯಾಡಿಸುತ್ತ ಕೇಳಿಸಿಕೊಂಡ. ಪರ ನಾಲ್ಕು, ವಿರುದ್ಧ ಅರ್ಲೀನಳ ಒಂದು; ನಕ್ಷೆ ಪಾಸಾಯಿತು.

ಹೊರಗೆ ಕಾರುಗಳ ಹತ್ತಿರ ಅರ್ಲೀನ್ ಬೆಂಕಿಯಾಗಿದ್ದಳು. "ಡೀಕನ್, ನಿಮ್ಮ ಬಾಯಿಗೆ ಬಾಗಿಲೇ ಇಟ್ಟಿಲ್ವಾ ದೇವರು?"

"ಧಾಟಿ ನಮ್ಮ ಪಾದ್ರೀದೇ ಇತ್ತು, ಸಿಸ್ಟರ್. ತನ್ನಷ್ಟಕ್ಕೇ ಬಂದ್‌ಬಿಡ್ತು."

"ಸೈತಾನನಿಗೂ ಕಂಠ ಚೆನ್ನಾಗೇ ಇರುತ್ತೆ."

"ಕೋರ್ಟಿಗೆ ಹೋಗೋಣ," ಎಂದೆ ನಾನು.

"ಹೋಗೋದೇ. ತೀರ್ಪು ಬರೋ ಹೊತ್ತಿಗೆ ಮುಂದಿನ ಜನಗಣತಿ ಬಂದಿರುತ್ತೆ. ಅಲ್ಲೀತನಕ ನಾನು ಯಾರ ಹತ್ರ ವೋಟು ಕೇಳ್ಲಿ, ಹೇಳಿ?"

ಭಾನುವಾರ ಆರಾಧನೆ ಮುಗಿದದ್ದೇ ಅವಳು ಪ್ರಚಾರದ ಚೀಟಿಗಳ ಕಟ್ಟು ಹಿಡಿದು ಜೈಲಿಗೆ ಹೊರಟಳು. ಡೀಕನ್ನೂ ನಾನೂ ಹಿಂದಿನ ಸೀಟಿನಲ್ಲಿ, ಬಾಯಿ ಮುಚ್ಚಿಕೊಂಡು. ಗೇಟಿನ ಮುಂದೆ ಕೈದಿಗಳ ಭೇಟಿಗೆ ಬಂದ ಹೆಂಗಸರ ಸಾಲು, ನಮ್ಮ ಚರ್ಚಿನವರಂತೆಯೇ ಭಾನುವಾರದ ಟೋಪಿ ತೊಟ್ಟು. ಹೆಚ್ಚಿನವರು ಅಟ್ಲಾಂಟಾದಿಂದ, ಬೆಳಗಿನ ಬಸ್ಸಿಗೆ ಬಂದವರು.

"ಯಾರನ್ನ ನೋಡ್ಬೇಕು, ಮೇಡಂ?" ಎಂದ ಕಾವಲುಗಾರ.

"ನನ್ನ ಮತದಾರರನ್ನ."

"ಹೆಸರು?"

"ಎಲ್ಲರನ್ನೂ. ಒಳಗಿರೋರೆಲ್ಲ ನನ್ನ ವಾರ್ಡಿನವರು. ಮಂಡಳಿ ಅಧ್ಯಕ್ಷರೇ ಕೊಟ್ಟಿದ್ದು."

ಅವನಿಗೆ ನಗು ಬಂತು. ಅದು ಅವನ ತಪ್ಪಲ್ಲ. "ಮೇಡಂ, ಇವರು ಈ ಊರಿನವರೇ ಅಲ್ಲ. ಇವರಲ್ಲಿ ಒಬ್ಬನೂ ವೋಟು ಹಾಕೋ ಹಾಗಿಲ್ಲ." ಅಂದು ಉಸಿರೆಳೆದುಕೊಂಡ.

"ಆಮೆನ್!" ಎಂದಿತು ಹೆಂಗಸರ ಸಾಲು, ಈ ತುದಿಯಿಂದ ಆ ತುದಿಯವರೆಗೆ.

ಬರೆದುಕೊಳ್ಳಲು ಗುಮಾಸ್ತೆ ಇರಲಿಲ್ಲ. ಅರ್ಲೀನ್ ತಿರುಗಿ ನೋಡಿದಳು. ಡೀಕನ್ ಮೇಫೀಲ್ಡ್ ಟೋಪಿಯನ್ನು ಎರಡೂ ಕೈಯಲ್ಲಿ ಬಾಯಿಗೆ ಒತ್ತಿ ಹಿಡಿದು ನಿಂತಿದ್ದರು.

"ಈಗ ಅನ್ನಬಹುದಿತ್ತಲ್ಲ, ಡೀಕನ್," ಎಂದಳು.