ಹಗ್ಗದಾಚೆಯ ನೀರು

ಉಕ್ಕಿನ ಹಗ್ಗ ಹತ್ತಿರ ಬಂದಾಗ ಎಲ್ಮೀರ್ ಹುಟ್ಟನ್ನು ಒಳಕ್ಕೆಳೆದುಕೊಂಡು ಮೀನಿನ ಚೀಲದ ಪಕ್ಕದಲ್ಲೇ ಅಂಗಾತ ಮಲಗಿದಳು. ದೋಣಿ ತನ್ನ ಪಾಡಿಗೆ ತೇಲುತ್ತ ಹಗ್ಗದಡಿ ನುಸುಳತೊಡಗಿತು. ತುಕ್ಕಿನ ವಾಸನೆ ಮೂಗಿನ ಮೇಲೆಯೇ ಹಾದುಹೋಯಿತು. ಒದ್ದೆ ಗೋಣಿಚೀಲದೊಳಗೆ ಗಾಳಿ ಕುಡಿದೇ ಜೀವ ಹಿಡಿದಿದ್ದ ಎರಡು ಶೂಪಿಕ್ ಮೀನುಗಳಲ್ಲಿ ಒಂದು ಬಾಲ ಬೀಸಿ ಅವಳ ಪಕ್ಕೆಗೆ ಗುದ್ದಿತು.

"ಸುಮ್ನಿರು, ನಾನೂ ಬಿದ್ಕೊಂಡಿಲ್ವಾ" ಎಂದು ಗದರಿದಳು.

ಎದ್ದು ಕುಳಿತರೆ ಎದುರಿಗೇ ತಮ್ಮ ಓವಿಡ್ ನಿಂತಿದ್ದ. ಮೋಟಾರ್ ಆರಿಸಿ, ದೋಣಿಯನ್ನು ಸೈಪ್ರಸ್ ಮರದ ಬುಡಕ್ಕೆ ಆನಿಸಿಕೊಂಡಿದ್ದ. ತಲೆಯ ಮೇಲೆ ಕ್ಲಬ್ಬಿನ ಹಸಿರು ಟೋಪಿ, ಹಣೆಯ ಮೇಲೆ ಹಾರುವ ಬಾತುಕೋಳಿಯ ಚಿತ್ರ.

"ಅಕ್ಕಾ, ಎಷ್ಟು ಸಲ ಹೇಳ್ಬೇಕು ನಿನಗೆ?"

"ನಿಂಗೆ ಬಾಯಿ ನೋಯೋವರೆಗೂ ಹೇಳು. ಕಾವಲುಗಾರನ ಕೆಲಸ ಅದೇ ಅಲ್ವಾ?"

ಕಳೆದ ಶರತ್ಕಾಲದಲ್ಲಿ ಪಟ್ಟಣದ ಬೇಟೆ ಕ್ಲಬ್ಬಿನವರು ಈ ಕಡೆಯ ಜೌಗನ್ನೆಲ್ಲ ಗುತ್ತಿಗೆಗೆ ಹಿಡಿದು, ಕ್ರೋಶ್ ಬಾಯು ಎಂಬ ನಿಧಾನ ಹರಿವಿನ ಜೌಗುಹೊಳೆಯ ಬಾಯಿಗೆ ಅಡ್ಡಲಾಗಿ ಈ ಹಗ್ಗ ಕಟ್ಟಿ ಬೀಗ ಜಡಿದಿದ್ದರು. ಹರಿಯುವ ನೀರು ಎಲ್ಲರದ್ದು, ಆದರೆ ನೀರಿನಡಿಯ ಮಣ್ಣು ನಮ್ಮದು ಎಂಬುದು ಅವರ ವಾದ. ಊರಿನವರು ಒಂದು ವಾರ ಕೂಗಾಡಿದರು. ಆಮೇಲೆ ಒಬ್ಬೊಬ್ಬರಾಗಿ ಬೇರೆ ನೀರು ಹುಡುಕಿಕೊಂಡು ಹೋದರು. ಎಲ್ಮೀರ್ ಒಬ್ಬಳೇ ಹೋಗಲಿಲ್ಲ. ಅವಳ ಸಣ್ಣ ದೋಣಿಗೆ ಹಗ್ಗದಡಿ ಜಾಗವಿತ್ತು. ಅವಳ ಬೆನ್ನಿಗೆ ಮಲಗುವುದು ಬರುತ್ತಿತ್ತು.

ಕಾವಲಿಗೆ ಯಾರು ಸಿಗುತ್ತಾರೆಂದು ಹುಡುಕಿದ ಕ್ಲಬ್ಬಿಗೆ ಓವಿಡ್ ಸಿಕ್ಕಿದ್ದ. ಸಮುದ್ರದ ಎಣ್ಣೆಬಾವಿಯಲ್ಲಿ ಬೆನ್ನು ಮುರಿದುಕೊಂಡು ಬಂದವನಿಗೆ ಬೇರೆಲ್ಲೂ ಯಾರೂ ಕೆಲಸ ಕೊಟ್ಟಿರಲಿಲ್ಲ. ಇಲ್ಲಿ ಸಂಬಳದ ಜೊತೆ ಆಸ್ಪತ್ರೆಯ ವಿಮೆಯೂ ಇತ್ತು.

"ವಿಟ್ಲಾಕ್ ನಿನ್ನೆ ಫೋನ್ ಮಾಡಿದ್ದ" ಎಂದ ಓವಿಡ್. ವಿಟ್ಲಾಕ್ ಎಂದರೆ ಕ್ಲಬ್ಬಿನ ಮ್ಯಾನೇಜರ್. "ಒಳಗೆ ಯಾರದೋ ಗಾಳ ನೇತಾಡ್ತಿದೆ ಅಂತ ಯಾರೋ ಸದಸ್ಯರು ಫೋಟೋ ಕಳ್ಸಿದಾರಂತೆ. ನಾಳೆ ಬರ್ತಾನಂತೆ. ಅಷ್ಟರೊಳಗೆ ಎಲ್ಲಾ ಕೊಯ್ದಿರಬೇಕು ಅಂದ."

"ಕೊಯ್ಯಿ ಮತ್ತೆ."

"ನೀನೇ ಬಿಚ್ಕೊಂಡು ಹೋಗು ಅಕ್ಕಾ. ನನ್ ಕೈಲಿ ಮಾಡಿಸ್ಬೇಡ."

"ನಾನು ಯಾಕೆ ಬಿಚ್ಚಲಿ? ಅಪ್ಪ ಗಾಳ ಕಟ್ತಿದ್ದ ಕೊಂಬೆಗಳು ಅವು. ಬೇಡ ಅನ್ನೋನು ಕೊಯ್ಕೊಳ್ಲಿ."

ಓವಿಡ್ ಸೊಂಟದಿಂದ ಕೀಲಿ ತೆಗೆದು ಬೀಗ ತೆರೆದು, ಹಗ್ಗ ತಗ್ಗಿಸಿ ಒಳಗೆ ಹೋದ. ಎಲ್ಮೀರ್ ಕದಲಲಿಲ್ಲ. ಮರಗಳ ನಡುವೆ ಅವನು ಒಂದೊಂದೇ ಕೊಂಬೆ ಹಿಡಿದು ಬಗ್ಗಿಸಿ ಚಾಕು ಆಡಿಸುವುದು ಕಾಣುತ್ತಿತ್ತು. ದಾರ ತುಂಡಾದ ಕೂಡಲೇ ಕೊಂಬೆ ಛಟ್ಟನೆ ಮೇಲೆ ಚಿಮ್ಮಿ ಅವನ ಮೇಲೆ ಹನಿ ಉದುರಿಸುತ್ತಿತ್ತು. ಅಕ್ಕನ ಕಣ್ಣು ಬೆನ್ನಿನ ಮೇಲಿದೆಯೆಂದು ಅವನಿಗೆ ಗೊತ್ತಿತ್ತು. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಅವನು ಹೊರಬಂದು ಬೀಗ ಹಾಕಿದ ಮೇಲೆ ಎಲ್ಮೀರ್ ಕೇಳಿದಳು: "ಇವತ್ತು ಶುಕ್ರವಾರ. ಊಟಕ್ಕೆ ಬರ್ತೀಯೋ ಇಲ್ವೋ?"

ಅವನು ಮೋಟಾರ್ ಶುರು ಮಾಡಿದ.

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಆ ಮನೆಯಲ್ಲಿ ಮಾಂಸವಿಲ್ಲ, ಶೂಪಿಕ್ ಇದೆ. ಅವರ ತಾಯಿ ಯುಲಾಲಿಗೆ ಎಂಬತ್ತು ದಾಟಿತ್ತು. ಕೈ ನಡುಗಿದರೂ ಮೀನಿನ ಕೆಲಸವನ್ನು ಇನ್ನೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಶೂಪಿಕ್ ಸತ್ತು ಅರೆಗಳಿಗೆ ಬಿದ್ದಿದ್ದರೆ ಮಾಂಸ ಹತ್ತಿಯಂತಾಗುತ್ತದೆ. ಅದಕ್ಕೇ ಈರುಳ್ಳಿಸೊಪ್ಪು ಹೆಚ್ಚಿ, ಆಲೂಗಡ್ಡೆ ಬೇಯಿಸಿ, ಎಣ್ಣೆ ಒಲೆಗೇರಿದ ಮೇಲೆಯೇ ಚೀಲ ಬಿಚ್ಚುವುದು. ಎಲ್ಮೀರ್ ಕೊಯ್ದುಕೊಟ್ಟಳು. ಮುದುಕಿ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಚಮಚದಿಂದ ಮಾಂಸ ಕೆರೆಯತೊಡಗಿದಳು. ಮುಳ್ಳು ಚರ್ಮಕ್ಕೇ ಅಂಟಿಕೊಂಡು ಉಳಿಯಿತು.

ಓವಿಡ್ ಬಂದಾಗ ಮೊದಲ ಮೀನುವಡೆಗಳು ಎಣ್ಣೆಯಲ್ಲಿ ಕೆಂಪಗಾಗುತ್ತಿದ್ದವು. ಬಾಗಿಲಲ್ಲೇ ನಿಂತ.

"ಆ ಬಾತುಕೋಳೀನ ಹೊರಗಿಟ್ಟು ಬಾ" ಎಂದಳು ತಾಯಿ. ಅವನು ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿದ.

ಅನ್ನ, ಬಿಳಿ ಬೀನ್ಸ್ ಕಾಳಿನ ಸಾರು, ವಡೆ. ಅವನು ಎರಡು ತಿಂದು ಮೂರನೆಯದಕ್ಕೆ ಕೈ ಹಾಕಿದಾಗ ಯುಲಾಲಿ ಕೇಳಿದಳು: "ರುಚಿಯಾಗಿದ್ಯಾ?"

"ಹೂಂ ಕಣವ್ವ."

"ಎಲ್ಲಿಂದ ಬಂದ ಮೀನು ಅಂತ ಕೇಳ್ಲೇ ಇಲ್ವಲ್ಲೋ."

ಓವಿಡ್ ಮೂರನೆಯದನ್ನು ಮುರಿದ. "ಗೊತ್ತಿದ್ದೇ ತಿಂತಿದೀನಿ."

"ಗಾಳ ಕೊಯ್ದ ಕೈಯಲ್ಲೇ?"

ಅವನು ಅಕ್ಕನ ಕಡೆ ತಿರುಗಿದ. "ಹೇಳ್ಬಿಟ್ಯಾ?"

"ನಾನು ಯಾಕೆ ಹೇಳ್ಲಿ? ಗಾಳದ ಡಬ್ಬ ಖಾಲಿ ತಂದಿದ್ದು ನೋಡಿ, ಗಾಳ ಎಲ್ಲಿ ಅಂತ ಅವಳೇ ಕೇಳಿದ್ಲು. ನಾನು ಸುಳ್ಳು ಹೇಳ್ಲಿಲ್ಲ, ಅಷ್ಟೇ."

"ಏನ್ ಮಾಡ್ಲಿ ಹೇಳವ್ವ?" ಓವಿಡನ ದನಿ ಏರಿತು. "ಈ ಬೆನ್ನು ಇಟ್ಕೊಂಡು ಎಲ್ಲಿಗೆ ಹೋಗ್ಲಿ? ನಾನು ಬಿಟ್ರೆ ನಾಳೆ ಇನ್ನೊಬ್ಬ ಬರ್ತಾನೆ. ಅವ್ನು ಅಕ್ಕನ ಗಾಳ ಕೊಯ್ದು ಸುಮ್ನಾಗ್ತಾನಾ? ದೋಣೀನೇ ಎಳ್ಕೊಂಡು ಹೋಗ್ತಾನೆ."

"ಅದೂ ನಿಜವೇ" ಎಂದಳು ಯುಲಾಲಿ. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇನ್ನೊಂದು ವಡೆಯನ್ನು ಅವನ ತಟ್ಟೆಗೆ ಹಾಕಿದಳು. "ತಿನ್ನು. ಹೊಟ್ಟೆ ಮೇಲೆ ನಂಗೇನೂ ಸಿಟ್ಟಿಲ್ಲ." ಆಮೇಲೆ ಮಗಳಿಗೆ ಹೇಳಿದಳು: "ಬೆಳಿಗ್ಗೆ ದೋಣಿಗೆ ಒಂದು ಕುರ್ಚಿ ಹಾಕು. ನಾನೂ ಬರ್ತೀನಿ."

"ಅವ್ವಾ, ನಾಳೆ ಅವ್ನು ಬರ್ತಾನೆ, ವಿಟ್ಲಾಕು" ಎಂದ ಓವಿಡ್.

"ಬರ್ಲಿ. ನನ್ ಮನೆ ಬಾಗ್ಲಿಗೆ ಬೀಗ ಹಾಕ್ದೋನ ಮುಖ ಹೆಂಗಿದೆ ನೋಡ್ಬೇಕು."

ಅವಳು ಮನೆ ಎಂದದ್ದು ಸುಮ್ಮನೆ ಅಲ್ಲ. ಅವಳು ಹುಟ್ಟಿದ್ದು ಹಗ್ಗದಾಚೆ, ಮರಕ್ಕೆ ಕಟ್ಟಿ ತೇಲಿಬಿಟ್ಟಿದ್ದ ಹಲಗೆಮನೆಯಲ್ಲಿ. ನೀರು ಏರಿದಾಗ ಮನೆ ಏರುತ್ತಿತ್ತು, ಇಳಿದಾಗ ಇಳಿಯುತ್ತಿತ್ತು.

ಶನಿವಾರ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ದೋಣಿಯ ನಡುವೆ ಕಾಲು ಕತ್ತರಿಸಿದ ಅಡುಗೆಮನೆಯ ಕುರ್ಚಿಯ ಮೇಲೆ ಯುಲಾಲಿ ನೆಟ್ಟಗೆ ಕುಳಿತಿದ್ದಳು. ಚರ್ಚಿಗೆ ಹೋಗುವಾಗಿನ ಕಪ್ಪು ಉಡುಪು ತೊಟ್ಟು, ಕೈಯಲ್ಲಿ ಬಿದಿರಿನ ಗಾಳ ಹಿಡಿದಿದ್ದಳು. ಹಿಂದೆ ಎಲ್ಮೀರ್ ಹುಟ್ಟು ಹಾಕುತ್ತಿದ್ದಳು. ಹಗ್ಗದ ಬಳಿ ಓವಿಡನ ದೋಣಿಯಲ್ಲಿ ಕೆಂಪು ಮುಖದ, ಹೊಚ್ಚಹೊಸ ರಬ್ಬರ್ ಬೂಟಿನ ವ್ಯಕ್ತಿಯೊಬ್ಬ ನಿಂತಿದ್ದ.

"ಅವ್ವಾ, ಹಗ್ಗ ಬಂತು. ಸ್ವಲ್ಪ ಬಗ್ಗು. ಇಲ್ಲಾಂದ್ರೆ ಎದೆಗೆ ತಾಗುತ್ತೆ."

"ತಾಗ್ಲಿ. ನಾನು ಬಗ್ಗಲ್ಲ."

"ಬೆನ್ನು ನೋಯುತ್ತಾ?"

"ಬೆನ್ನಿಗೇನಾಗಿದೆ? ಚೆನ್ನಾಗೇ ಬಗ್ಗುತ್ತೆ. ನಾನು ಬಗ್ಗಲ್ಲ ಅಂದೆ."

ದೋಣಿ ಮೆಲ್ಲನೆ ಹೋಗಿ ನಿಂತಿತು. ಮುದುಕಿ ಎರಡೂ ಕೈಯಿಂದ ಹಗ್ಗ ಹಿಡಿದು, ಪಕ್ಕದ ಮನೆಯವರ ಬೇಲಿಗೆ ಒರಗಿ ಮಾತಿಗೆ ನಿಂತವಳಂತೆ ವಿಟ್ಲಾಕನನ್ನು ದಿಟ್ಟಿಸಿದಳು.

"ಯಾರು ಈ ಅಜ್ಜಿ?" ಎಂದ ಅವನು.

"ನಮ್ಮ ತಾಯಿ ಸರ್" ಎಂದ ಓವಿಡ್.

"ಇದು ಖಾಸಗಿ ಜಾಗ ಅಂತ ಹೇಳು. ಮರ್ಯಾದೆಯಿಂದಲೇ ಹೇಳು."

ಯುಲಾಲಿ ಚಿಕ್ಕಂದಿನಲ್ಲಿ ಶಾಲೆಯಲ್ಲಿ ಮನೆಮಾತಾದ ಫ್ರೆಂಚ್ ಆಡಿದ್ದಕ್ಕೆ ಅವಳನ್ನು ಮಂಡಿಯೂರಿಸಿದ್ದರು. ಆ ದಿನವೇ ಶಾಲೆ ಬಿಟ್ಟವಳು ಅಂದಿನಿಂದ ಒಂದೇ ಒಂದು ಇಂಗ್ಲಿಷ್ ಮಾತು ಆಡಿರಲಿಲ್ಲ. ಅರ್ಥವಾಗುತ್ತಿತ್ತೋ ಇಲ್ಲವೋ ಮಕ್ಕಳಿಗೂ ತಿಳಿಯದು. ಓವಿಡ್ ಮನೆಯ ಫ್ರೆಂಚಿನಲ್ಲಿ ತಿರುಗಿಸಿ ಹೇಳಿದ.

"ಕೇಳು ಅವನನ್ನ" ಎಂದಳು ಯುಲಾಲಿ. "ಮಣ್ಣು ಅವನದಾದ್ರೆ ಬುಟ್ಟಿಲಿ ತುಂಬ್ಕೊಂಡು ಹೋಗ್ಲಿ, ನಾನೇ ಬುಟ್ಟಿ ಕೊಡ್ತೀನಿ. ಮೀನು ಮಣ್ಣಲ್ಲಿ ಬೆಳೆಯೋ ಗೆಣಸಾ? ನನ್ ತೊಟ್ಲು ಕಟ್ಟಿದ್ದ ಮರ ಒಳಗಿದೆ. ಅವನ ಬೂಟಿನ ಬೆಲೆಚೀಟಿ ಇನ್ನೂ ಹೋಗಿಲ್ಲ, ಆಗ್ಲೇ ಯಜಮಾನ ಆಗ್ಬಿಟ್ನಾ?"

ವಿಟ್ಲಾಕ್ ಓವಿಡನತ್ತ ನೋಡಿದ. ಓವಿಡ್ ಟೋಪಿ ಸರಿಮಾಡಿಕೊಂಡ. "ಸ್ವಲ್ಪ ಹೊತ್ತು ಸುತ್ತಾಡಿ ಬರ್ತಾರಂತೆ ಸರ್. ವಯಸ್ಸಾಗಿದೆ."

ಹಿಂದೆ ಕುಳಿತಿದ್ದ ಎಲ್ಮೀರ್ ಕಿಸಕ್ಕನೆ ನಕ್ಕಳು. ಯುಲಾಲಿ ನಗಲಿಲ್ಲ.

"ನಾನು ಆಡಿದ್ದು ಅಷ್ಟು ಗಿಡ್ಡ ಇತ್ತೇನೋ? ಹೊಟ್ಟೆಪಾಡಿಗೆ ಬೀಗ ಹಾಕು, ಬೇಡ ಅನ್ನಲ್ಲ. ನನ್ ಮಾತನ್ನ ಮಾತ್ರ ಕೊಯ್ಬೇಡ."

"ನೋಡು," ವಿಟ್ಲಾಕ್ ಗಡಿಯಾರ ನೋಡಿಕೊಂಡ. "ನನಗೆ ಜಗಳ ಬೇಕಿಲ್ಲ. ಸದಸ್ಯರು ದುಡ್ಡು ಕೊಟ್ಟು ಬರ್ತಾರೆ. ಈ ಹೊಲಸು ಮೀನಿಗೋಸ್ಕರ ಯಾರಾದರೂ ಇಷ್ಟು ಹಟ ಮಾಡ್ತಾರಾ? ಇವರನ್ನ ವಾಪಸ್ ಕಳಿಸು. ನಿನ್ನ ಕೈಲಿ ಆಗಲ್ಲ ಅಂದ್ರೆ ಪೊಲೀಸರನ್ನ ಕರೀತೀನಿ. ಆಮೇಲೆ ನಿನ್ನ ಕೆಲಸದ ವಿಷಯ ಮಾತಾಡೋಣ."

ಓವಿಡ್ ಒಂದು ಕೈಯನ್ನು ಬೆನ್ನಿಗೆ ಒತ್ತಿ ಹಿಡಿದು ನಿಂತಿದ್ದ. ನೋವು ಬಂದಾಗ ಹಾಗೆ ಹಿಡಿಯುವುದು ಅವನ ರೂಢಿ. ನೀರು ಎರಡೂ ದೋಣಿಗಳ ಪಕ್ಕೆಗೆ ಮೆಲ್ಲನೆ ತಟ್ಟುತ್ತಿತ್ತು.

"ಸರ್, ಅವರು ಹೇಳಿದ್ದು ಸುತ್ತಾಡ್ತೀನಿ ಅಂತ ಅಲ್ಲ" ಎಂದ. "ಮಣ್ಣು ನಿಮ್ಮದಾದ್ರೆ ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ ಅಂದರು. ಬುಟ್ಟಿ ಅವರೇ ಕೊಡ್ತಾರಂತೆ. ನಿಮ್ಮ ಬೂಟಿನ ಬಗ್ಗೆಯೂ ಒಂದು ಮಾತು ಹೇಳಿದರು."

ವಿಟ್ಲಾಕ್ ಅರಿವಿಲ್ಲದೆ ಬೂಟಿನತ್ತ ನೋಡಿಕೊಂಡ.

"ಅವರ ತೊಟ್ಟಿಲು ಕಟ್ಟಿದ್ದ ಮರ ಒಳಗಿದೆ ಅಂದರು. ಅಲ್ಲಿಗೆ ಹೋಗೋಕೆ ಅವರು ಯಾರ ಮುಂದೆಯೂ ತಲೆ ತಗ್ಗಿಸಿಲ್ಲ, ಇವತ್ತೂ ತಗ್ಗಿಸಲ್ಲ. ನಮ್ಮ ತಂದೆ ಇದೇ ನೀರಿನ ಮೀನು ತಿನ್ನಿಸಿ ನಮ್ಮನ್ನ ಸಾಕಿದರು. ನಿಮ್ಮವರು ಹೊಲಸು ಅಂತ ದಂಡೆಗೆ ಎಸೆದು ಹೋಗೋ ಮೀನು ಅದು. ಬಿಸಿಲಿಗೆ ಒಣಗಿ ಸಾಯೋದನ್ನ ದಿನಾ ನಾನು ನೋಡ್ತೀನಿ ಸರ್. ನಿನ್ನೆ ನಾನು ಕೊಯ್ದಿದ್ದು ನಮ್ಮಕ್ಕನ ಗಾಳ. ನಾಳೆಯಿಂದ ನಾನು ಕೊಯ್ಯಲ್ಲ."

ಎಲ್ಮೀರ್ ಹುಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ತಾಯಿ ಮಾತು ಮುಗಿಸಿ ಎಷ್ಟೋ ಹೊತ್ತಾಗಿತ್ತು.

"ಇದೆಲ್ಲ ನಿಮ್ಮ ತಾಯಿ ಹೇಳಿದ್ದಾ?" ಎಂದ ವಿಟ್ಲಾಕ್.

"ಅಲ್ಲ ಸರ್."

ಓವಿಡ್ ಸೊಂಟದ ಕೀಲಿ ಬಿಚ್ಚಿ, ಬಗ್ಗಿ ಬೀಗ ತೆರೆದ. ಹಗ್ಗ ಬುಳಕ್ಕೆಂದು ನೀರಿಗೆ ಬಿದ್ದು ಮುಳುಗಿತು. ಕೀಲಿಯನ್ನು ಬೀಗದಲ್ಲೇ ಬಿಟ್ಟು, ಬೀಗವನ್ನು ದೋಣಿಯ ಹಲಗೆಯ ಮೇಲೆ ವಿಟ್ಲಾಕನ ಬೂಟಿನ ಪಕ್ಕದಲ್ಲಿಟ್ಟ.

"ಹೋಗವ್ವ" ಎಂದ. "ತಡ ಆದ್ರೆ ಬಿಸಿಲಿಗೆ ಮೀನು ಕಚ್ಚಲ್ಲ."

ದೋಣಿ ಪಕ್ಕದಲ್ಲಿ ಹಾಯುವಾಗ ಯುಲಾಲಿ ಕೈ ಚಾಚಿ ಅವನ ಮುಂಗೈಯನ್ನು ಒಮ್ಮೆ ಮುಟ್ಟಿದಳು. ವಿಟ್ಲಾಕ್ ಫೋನ್ ತೆಗೆದು ಯಾರಿಗೋ ದಾರಿ ಹೇಳತೊಡಗಿದ್ದ. ಸಿಗ್ನಲ್ ಸಿಗದೆ ಒಂದೇ ಮಾತನ್ನು ಮತ್ತೆ ಮತ್ತೆ ಕೂಗುತ್ತಿದ್ದ. ತಿರುವು ದಾಟಿದ ಮೇಲೆ ಆ ದನಿಯೂ ಮರಗಳ ನಡುವೆ ಕಳೆದುಹೋಯಿತು.

"ಪೊಲೀಸ್ರು ಬಂದ್ರೆ?" ಎಂದಳು ಎಲ್ಮೀರ್.

"ಬಂದ್ರೆ ಅವ್ರಿಗೂ ಒಂದು ದೋಣಿ ಬೇಕಾಗುತ್ತೆ. ನೀನು ಹುಟ್ಟು ಹಾಕು."

ನೀರಿನ ಆಳ ಕಡಿಮೆಯಾಗುತ್ತ ಬಂತು. ಸೈಪ್ರಸ್ ಬೇರುಗಳು ಮಂಡಿಗಳಂತೆ ಮೇಲೆದ್ದಿದ್ದ ಕಡೆ, ಜೊಂಡಿನ ನಡುವಿನ ತಿಳಿನೀರಿನಲ್ಲಿ ಒಂದು ಕಪ್ಪು ಮೋಡ ಚಲಿಸುತ್ತಿತ್ತು. ಯುಲಾಲಿ ಕೈಯೆತ್ತಿ ತಡೆದಳು. ಮೋಡವಲ್ಲ, ಮರಿಗಳು, ಉಗುರಿನಷ್ಟುದ್ದದ, ಎಣಿಸಲಾಗದಷ್ಟು ಮರಿಗಳು. ಅವುಗಳ ಮುಂದೆ ಗಂಡು ಶೂಪಿಕ್ ನಿಂತಿತ್ತು. ರೆಕ್ಕೆಗಳು ಎಳೆಹುಲ್ಲಿನಂತೆ ಹಸಿರಾಗಿದ್ದವು.

"ಗಾಳ ಬಿಡ್ಲಾ?" ಎಲ್ಮೀರ್ ಪಿಸುಗುಟ್ಟಿದಳು.

"ಬೇಡ. ಮಕ್ಕಳೊಂದಿಗ ಅವ್ನು."

ದೋಣಿಯ ನೆರಳು ಮರಿಗಳ ಮೇಲೆ ಬಿದ್ದದ್ದೇ ತಡ, ಮೀನು ಚಿಮ್ಮಿ ಬಂದು ಹುಟ್ಟಿನ ಅಲಗನ್ನು ಕಚ್ಚಿತು. ಮರದ ಮೇಲೆ ಹಲ್ಲು ಕರಕರ ಎಂದದ್ದು ಇಬ್ಬರಿಗೂ ಕೇಳಿಸಿತು. ಬಿಟ್ಟು, ಒಂದು ಮಾರು ಹಿಂದೆ ಸರಿದು, ಮೇಲೆ ಬಂದು ಒಮ್ಮೆ ಗಾಳಿ ನುಂಗಿ, ಮತ್ತೆ ದೋಣಿಗೆ ಎದುರಾಗಿ ನಿಂತಿತು. ಎಲ್ಮೀರ್ ಹುಟ್ಟನ್ನು ಮೆಲ್ಲನೆ ಹಿಂದಕ್ಕೊತ್ತಿ, ದೋಣಿಯನ್ನು ದೂರದಿಂದ ಬಳಸಿಕೊಂಡು ಹೊರಟಳು. ಅವರು ದಾಟಿಹೋಗುವವರೆಗೂ ಅದು ಅಲ್ಲೇ, ದೋಣಿಯ ಜೊತೆಜೊತೆಗೇ ಮುಖ ತಿರುಗಿಸುತ್ತ, ನಿಂತ ನೀರಿನಲ್ಲಿ ನಿಂತೇ ಇತ್ತು.