ಸೀಸೆಯೊಳಗಿನ ನೀಲಿ

ನೀಲಿ ಮತ್ತೆ ಏರಿತ್ತು.

ಬೆರಳುದ್ದದ ಗಾಜಿನ ಸೀಸೆಯನ್ನು ಅಡುಗೆಮನೆಯ ಕಿಟಕಿಗೆ ಹಿಡಿದು, ಬಣ್ಣದ ಕಾರ್ಡಿನ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದೆ. ಮೀನಿನ ತೊಟ್ಟಿಯ ನೀರು ಸೀಸೆಯ ಗೆರೆಯವರೆಗೆ, ಅದಕ್ಕೆ ಆರು ಹನಿ ದ್ರವ, ಒಂದು ಪುಟ್ಟ ಚಮಚ ಪುಡಿ. ಕುಲುಕಿ ಹತ್ತು ನಿಮಿಷ ಕಾಯಬೇಕು. ನೀರಿನಲ್ಲಿ ಎಷ್ಟು ಫಾಸ್ಫೇಟ್ ಇದೆಯೋ ಅಷ್ಟು ನೀಲಿ. ಹತ್ತು ನಿಮಿಷ ಸುಮ್ಮನೆ ಕಾಯುವ ಜಾಯಮಾನ ನನ್ನದಲ್ಲ. ನಾಲ್ಕಕ್ಕೆ ನೋಡಿದ್ದೆ, ಆರಕ್ಕೆ ನೋಡಿದ್ದೆ, ಎಂಟಕ್ಕೆ ನೋಡಬಾರದೆಂದು ಪಡಸಾಲೆಯವರೆಗೂ ಹೋಗಿ ಬಂದಿದ್ದೆ. ನನ್ನದು ಕನ್ನಡಕದ ಅಂಗಡಿ. ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತ ‘ಇದು ಸ್ಪಷ್ಟನಾ, ಅದು ಸ್ಪಷ್ಟನಾ’ ಎಂದು ಕೇಳುವುದೇ ಕೆಲಸ. ಈಗ ನನ್ನನ್ನೇ ಕೇಳಿಕೊಂಡೆ. ಸಂಶಯಕ್ಕೆ ಜಾಗವಿರಲಿಲ್ಲ. ಕಾರ್ಡಿನ ಕೊನೆಯಿಂದ ಎರಡನೇ ಚೌಕ.

“ಅಳಿಯಂದ್ರೇ, ಸೀಸೆ ಕೆಲಸ ಮುಗೀತಾ? ಮುಗಿದ್ರೆ ಸಿಂಕಲ್ಲಿಡಿ,” ಎಂದರು ಅತ್ತೆ.

ಇಟ್ಟೆ. ಮತ್ತೆ ತೊಟ್ಟಿಯ ಮುಂದೆ ಹೋಗಿ ನಿಂತೆ.

ತೊಟ್ಟಿ ನನ್ನದಲ್ಲ, ಹೆಂಡತಿಯದು. ಅವಳು ಲಿಫ್ಟುಗಳನ್ನು ಪರೀಕ್ಷಿಸುವವಳು. ಹತ್ತೊಂಬತ್ತು ದಿನಗಳಿಂದ ಊರೂರಿನ ಲಿಫ್ಟುಗಳ ತಲೆಯ ಮೇಲೆ ನಿಂತು ಹಗ್ಗ ನೋಡುತ್ತಿದ್ದಾಳೆ. ಇನ್ನು ಮೂರು ದಿನಕ್ಕೆ ಬರುತ್ತಾಳೆ. ಹೋಗುವಾಗ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಳು. ‘ಫಾಸ್ಫೇಟ್ ಸೊನ್ನೆ ಪಾಯಿಂಟ್ ಸೊನ್ನೆ ಐದರ ಆಸುಪಾಸು ಇರಲಿ. ಏರಿದರೆ ಪಾಚಿ. ಪಾಚಿ ಬಂದರೆ ಹವಳ ಹೋಯಿತು. ಹವಳ ಹೋದರೆ’ — ಅಲ್ಲಿಗೆ ಒಂದು ಗೀಟು ಎಳೆದು ಬಿಟ್ಟಿದ್ದಳು.

ಹವಳವೆಂದರೆ ತೊಟ್ಟಿಯ ನಟ್ಟನಡುವೆ, ಕಲ್ಲಿನ ಮೇಲೆ ಕೂತ ನೇರಳೆ ಪೊದೆ. ಯಾರದೋ ತೊಟ್ಟಿಯಿಂದ ಮುರಿದು ತಂದಾಗ ಬೆಂಕಿಕಡ್ಡಿಯಷ್ಟಿತ್ತು. ಆರು ವರ್ಷಗಳಲ್ಲಿ ಎರಡು ಅಂಗೈ ಅಗಲವಾಗಿದೆ. ನಮ್ಮ ಮದುವೆಗೂ ಆರು ವರ್ಷ. ಎರಡರಲ್ಲಿ ಯಾವುದನ್ನು ಅವಳು ಹೆಚ್ಚು ಎಚ್ಚರದಿಂದ ಬೆಳೆಸಿದ್ದಾಳೆಂದು ನಾನು ಕೇಳಲು ಹೋಗಿಲ್ಲ. ಆ ಪೊದೆಯ ಏಳು ಕೊಂಬೆಗಳ ತುದಿ ಈಗ ಸೀಮೆಸುಣ್ಣದ ಹಾಗೆ ಬಿಳುಚಿಕೊಂಡಿತ್ತು. ನಿನ್ನೆ ಐದಿತ್ತು. ಸುತ್ತಲಿನ ಮರಳಿನ ಮೇಲೆ ಕಂದು ಲೋಳೆ, ಅದರಲ್ಲಿ ಸಣ್ಣ ಸಣ್ಣ ಗುಳ್ಳೆ. ಪಾಚಿ ಬಂದೇಬಿಟ್ಟಿತು ಎಂದುಕೊಂಡಿದ್ದೆ.

ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ. ಫಾಸ್ಫೇಟ್ ಹೀರುವ ತುಕ್ಕಿನ ಬಣ್ಣದ ಹರಳುಗಳನ್ನು ಸಣ್ಣ ಬಟ್ಟೆಚೀಲದಲ್ಲಿ ಕಟ್ಟಿ ನೀರು ಹರಿಯುವ ಕಡೆ ಇಡಬೇಕು. ಚೀಟಿಯ ಪ್ರಕಾರ ಎರಡು ಚಮಚ. ನಂಬರ್ ಏರಿತೆಂದು ನಾಲ್ಕು ಚಮಚ ಹಾಕಿದೆ. ಇಳಿಯಲಿಲ್ಲ. ಎಂಟು ಹಾಕಿದೆ. ಮೀನುಗಳ ಊಟ ಅರ್ಧಕ್ಕಿಳಿಸಿದೆ, ಆಮೇಲೆ ದಿನ ಬಿಟ್ಟು ದಿನ ಮಾಡಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಹೆಂಡತಿ ಫೋನ್ ಮಾಡಿ “ನಂಬರ್ ಎಷ್ಟು?” ಎಂದು ಕೇಳಿದಾಗಲೆಲ್ಲ “ಸೊನ್ನೆ ಪಾಯಿಂಟ್ ಸೊನ್ನೆ ಐದು” ಎಂದು ಪಾಠ ಒಪ್ಪಿಸಿದೆ.

ಮೊದಲ ದಿನ ಅದು ನಿಜವಾಗಿತ್ತು. ಅದೇ ಸಂಜೆ ಅತ್ತೆ ಬಂದರು. ಮೊಣಕಾಲಿನ ಆಪರೇಷನ್ ಆಗಿತ್ತು. ಅವರ ಮನೆಗೆ ಮೂರು ಮಹಡಿ ಮೆಟ್ಟಿಲು, ಲಿಫ್ಟಿಲ್ಲ. ಮರುದಿನದಿಂದ ನಂಬರ್ ಏರಿತು. ಎರಡೂ ಎರಡೂ ಕೂಡಿಸಲು ನನಗೆ ಬರುತ್ತದೆ.

ಮಂಗಳವಾರ ಅವರು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಲಗೈ ಗಾಜಿನ ಅಂಚಿನ ಮೇಲಿತ್ತು.

“ಏನು ಹಾಕಿದ್ರಿ?” ಎಂದೆ.

“ಎಲ್ಲಿಗೆ?”

“ನೀರಿಗೆ.”

“ಏನೂ ಇಲ್ಲಪ್ಪ. ಪಾಪ, ಇನ್ಸ್‌ಪೆಕ್ಟರ್ ಹೊಟ್ಟೆ ಬೆನ್ನಿಗೆ ಹತ್ತಿದೆ, ನೋಡ್ತಾ ಕೂತಿದ್ದೆ.” ಇನ್ಸ್‌ಪೆಕ್ಟರ್ ಎಂದರೆ ಹಳದಿ ಮೀನು, ಬೆಳಗಿನಿಂದ ಸಂಜೆಯವರೆಗೆ ಗಸ್ತು ತಿರುಗುತ್ತದೆಂದು ಹೆಂಡತಿ ಇಟ್ಟ ಹೆಸರು.

“ಅತ್ತೆ, ನೀವು ಬಂದಾಗಿನಿಂದ ನಂಬರ್ ಏರ್ತಿದೆ. ನಾನಿಲ್ಲದಾಗ ಊಟ ಹಾಕ್ತಿದ್ರೆ ಹೇಳಿಬಿಡಿ. ಅವಳಿಗೆ ಹೇಳಲ್ಲ.”

ಅವರು ನನ್ನನ್ನು ದಿಟ್ಟಿಸಿದರು. “ಮೂವತ್ತೊಂದು ವರ್ಷ ಆಸ್ಪತ್ರೇಲಿ ಆಪರೇಷನ್ ಕತ್ತರಿ, ಚಾಕು ತೊಳೆದು ಎಣಿಸಿ ಕೊಟ್ಟೋಳು ನಾನು. ಒಂದು ದಿನ ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ನಾನು ಕದ್ದುಮುಚ್ಚಿ ಮೀನಿಗೆ ಊಟ ಹಾಕ್ತೀನಾ?”

ಆದರೂ ನಾನು ಮೀನಿನ ಊಟದ ಡಬ್ಬಿಯನ್ನು ಅಂಗಡಿಗೊಯ್ದು ಡ್ರಾಯರಿನಲ್ಲಿಟ್ಟೆ. ಅಂದಿನಿಂದ ಅತ್ತೆ ನನಗೆ ಹೇಳಬೇಕಾದ್ದನ್ನು ಮೀನಿಗೆ ಹೇಳತೊಡಗಿದರು. “ನಾವಿಬ್ರೂ ಇಲ್ಲಿ ಅನುಮಾನದ ಮೇಲಿದ್ದೀವಪ್ಪ ಇನ್ಸ್‌ಪೆಕ್ಟರೇ. ನಿನ್ನ ಡ್ಯೂಟಿ ನೀನು ಮಾಡು.”

ಇವತ್ತು ಮಾತ್ರ ನೇರ ನನ್ನ ಕಡೆಗೇ ತಿರುಗಿದರು. “ಮತ್ತೆ ಏರಿದೆಯಾ?”

“ಏರಿದೆ.”

“ಡಬ್ಬಿ ನಿಮ್ಮ ಡ್ರಾಯರಲ್ಲಿದೆ. ಈಗ ಏನಂತೀರಿ?”

ಸುಮ್ಮನಿರಬಹುದಿತ್ತು. ಕಾಲು ಕುಣಿಯುತ್ತಿತ್ತು, ಏಳು ಬಿಳಿ ತುದಿಗಳು ಕಣ್ಣಿಗೆ ಚುಚ್ಚುತ್ತಿದ್ದವು. “ಬಿಸ್ಕತ್ತು ಇದೆಯಲ್ಲ ಮನೇಲಿ,” ಎಂದುಬಿಟ್ಟೆ.

ಅತ್ತೆ ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು. ಮಂಚದ ಕೆಳಗಿಂದ ಚೀಲ ಎಳೆಯುವ ಸದ್ದು ಕೇಳಿಸಿತು. ಆಮೇಲೆ ಅವರ ದನಿ: “ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ. ಮಗಳಿಗೆ ಮೊಣಕಾಲು ಸರಿಹೋಯ್ತು ಅಂತ ನಾನೇ ಹೇಳ್ಕೋತೀನಿ.”

ಮೊಣಕಾಲು ಸರಿಹೋಗಿರಲಿಲ್ಲ. ಅಲ್ಲಿ ನಿಲ್ಲಲಾಗಲಿಲ್ಲ. ಹೊಸ ಪ್ಲಾಸ್ಟಿಕ್ ಕವರಿನಲ್ಲಿ ತೊಟ್ಟಿಯ ನೀರು ತುಂಬಿ, ಬಾಯಿ ಕಟ್ಟಿ, ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ.

ಸಮುದ್ರದ ಮೀನು, ಹವಳ, ಮೂಟೆಗಟ್ಟಲೆ ಉಪ್ಪು ಮಾರುವವನನ್ನು ನಾವು ಉಪ್ಪಣ್ಣ ಎನ್ನುತ್ತೇವೆ. ಅವನ ಅಂಗಡಿಯಲ್ಲಿ ಕಾರ್ಡಿಲ್ಲ, ಅಂಕಿ ತೋರಿಸುವ ಮೀಟರಿದೆ. ನನ್ನ ನೀರನ್ನು ಅದರೊಳಗಿಟ್ಟು ಗುಂಡಿ ಒತ್ತಿದ.

“ಸೊನ್ನೆ.”

“ಇನ್ನೊಂದು ಸಲ ನೋಡಿ.”

“ಇನ್ನೊಂದು ಸಲ ನೋಡಿದ್ರೆ ಸೊನ್ನೆ ಮರಿ ಹಾಕುತ್ತಾ?” ಎಂದು ಮತ್ತೆ ಒತ್ತಿದ. ಸೊನ್ನೆ.

ಫೋನಿನಲ್ಲಿ ತೆಗೆದ ಫೋಟೊ ತೋರಿಸಿದೆ. ಅವನ ನಗು ನಿಂತಿತು. “ಹರಳು ಎಷ್ಟು ಹಾಕಿದ್ರಿ?”

“ಎಂಟು ಚಮಚ.”

“ತಲೆನೋವಿಗೆ ತಲೇನೇ ತೆಗೆದ್ರಿ ಸಾರ್. ಇದು ಮಾಮೂಲಿ ಪಾಚಿ ಅಲ್ಲ. ನೀರಲ್ಲಿ ಏನೂ ಉಳೀದೇ ಹೋದ್ರೂ ಇಂಥ ಲೋಳೆ ಹಬ್ಬುತ್ತೆ. ಹವಳಕ್ಕೂ ಒಂಚೂರು ಫಾಸ್ಫೇಟ್ ಬೇಕು, ನೀವು ಅದನ್ನ ಉಪವಾಸ ಕೆಡವಿದ್ದೀರಿ. ಚೀಲ ಇವತ್ತೇ ತೆಗೀರಿ. ಮೀನಿಗೆ ಸರಿಯಾಗಿ ಊಟ ಹಾಕಿ. ಮೀನು ತಿಂದ್ರೆ ಹವಳಕ್ಕೂ ಸಿಗುತ್ತೆ.”

“ಮನೇಲಿ ನೀಲಿ ಬರ್ತಿದೆಯಲ್ಲ! ಇವತ್ತು ಬೆಳಗ್ಗೆ ಕೂಡ!”

“ಏನೂ ಬೆರೆಸದ ಫಿಲ್ಟರ್ ನೀರು ಹಾಕಿ ಪರೀಕ್ಷೆ ಮಾಡಿ. ಆಗ್ಲೂ ನೀಲಿ ಬಂದ್ರೆ, ಅದು ತೊಟ್ಟೀದಲ್ಲ.”

ದಾರಿಯಲ್ಲಿ ನನ್ನ ಅಂಗಡಿಯ ಬಾಗಿಲು ಅರ್ಧ ಎತ್ತಿ, ನುಸುಳಿ, ಡ್ರಾಯರಿನಿಂದ ಮೀನಿನ ಊಟದ ಡಬ್ಬಿ ತೆಗೆದು ಜೇಬಿಗೆ ಹಾಕಿಕೊಂಡೆ. ಸಿಗ್ನಲ್ಲಿನಲ್ಲಿ ನಿಲ್ಲಲಾರದೆ ಗಲ್ಲಿ ಹಿಡಿದೆ.

ಮನೆಗೆ ಬಂದರೆ, ಅತ್ತೆಯ ಚೀಲ ಬಾಗಿಲ ಬಳಿ ಬಂದಿತ್ತು. ಅತ್ತೆ ಬಸ್ಸಿನ ಹೊತ್ತಿಗಾಗಿ ಕುರ್ಚಿಯಲ್ಲಿ ಕೂತಿದ್ದರು. ಮೊದಲು ತೊಟ್ಟಿಯಿಂದ ಹರಳಿನ ಚೀಲ ಎಳೆದು ಬಕೆಟ್ಟಿಗೆ ಹಾಕಿದೆ. ಆಮೇಲೆ ಅಡುಗೆಮನೆ. ಸಿಂಕಿನ ಪಕ್ಕ, ಮಡಿಸಿದ ಬಿಳಿ ಬಟ್ಟೆಯ ಮೇಲೆ ಸೀಸೆ ಬೋರಲಾಗಿತ್ತು. ಫಳಫಳ ಹೊಳೆಯುತ್ತಿತ್ತು. ಅತ್ತೆ ಬಂದಾಗಿನಿಂದ ಅದು ಹಾಗೇ, ಅಲ್ಲೇ ಇರುತ್ತಿತ್ತು. ದಿನವೂ ಅಲ್ಲಿಂದಲೇ ಎತ್ತಿಕೊಂಡಿದ್ದೆ. ಫಿಲ್ಟರ್ ನೀರು ತುಂಬಿದೆ. ಆರು ಹನಿ. ಪುಡಿ. ಕುಲುಕಿದೆ. ಈ ಸಲ ಪೂರ್ತಿ ಹತ್ತು ನಿಮಿಷ ಕಾದೆ, ನೋಡಲು ಹೆದರಿಕೆಯಾಗಿತ್ತು.

ನೀಲಿ. ಕೊನೆಯಿಂದ ಎರಡನೇ ಚೌಕ.

“ಅತ್ತೆ, ಇದನ್ನ ಯಾವುದರಲ್ಲಿ ತೊಳೀತೀರಿ?”

“ನನ್ನ ಪುಡೀಲಿ. ಕತ್ತರಿ ತೊಳೀತಿದ್ದ ಪುಡಿ. ಅದಿಲ್ದೆ ನಂಗೆ ಗಾಜು ತೊಳೆದ ಹಾಗೇ ಆಗಲ್ಲ. ಯಾಕೆ, ಅದೂ ತಪ್ಪಾಯ್ತಾ?”

ಸಿಂಕಿನ ಕೆಳಗೆ ಬಿಳಿ ಡಬ್ಬ. ಹಿಂಬದಿಯಲ್ಲಿ ಇರುವೆಯಂಥ ಅಕ್ಷರ. ಮೊದಲ ಸಾಲಿನಲ್ಲೇ ಇತ್ತು. ನಾನು ಗಟ್ಟಿಯಾಗಿ ಓದಿದೆ: “ಫಾಸ್ಫೇಟ್, ಶೇಕಡ ಮೂವತ್ತು.” ಉಪ್ಪಣ್ಣ ಹೇಳಿದ್ದನ್ನೂ ತಿಳಿಸಿದೆ.

ಅತ್ತೆ ಎದ್ದು ಬಂದರು. ಡಬ್ಬ ಇಸಿದುಕೊಂಡು ತೋಳು ಚಾಚಿ ದೂರ ಹಿಡಿದರು, ಹತ್ತಿರ ತಂದರು. “ಊರಿಗೆಲ್ಲ ಕನ್ನಡಕ ಮಾಡ್ತೀರಿ. ನನ್ನ ನಂಬರ್ ಬದಲಾಗಿ ವರ್ಷ ಆಯ್ತು ಅಂತ ಎಷ್ಟು ಸಲ ಹೇಳಿದ್ದೀನಿ?” ಎಂದರು. ಆಮೇಲೆ ಮುಖ ಸಪ್ಪಗಾಯಿತು. “ಹಾಗಾದ್ರೆ ಹವಳ ಕೊಂದಿದ್ದು ನಾನೇ.”

“ಸೀಸೆ ತೊಳೆದಿದ್ದು ನೀವು. ಎಂಟು ಚಮಚ ಹಾಕಿದ್ದು ನಾನು. ಬಿಸ್ಕತ್ತು ಅಂದಿದ್ದೂ ನಾನು. ತಪ್ಪಾಯ್ತು ಅತ್ತೆ.”

ಅವರು ಸೀಸೆ ತೆಗೆದುಕೊಂಡರು. ಬರೀ ಫಿಲ್ಟರ್ ನೀರಿನಲ್ಲಿ ಏಳು ಸಲ ಜಾಲಿಸಿದರು, ಒಂದೊಂದನ್ನೂ ಬಾಯಲ್ಲಿ ಎಣಿಸುತ್ತ. ತೊಟ್ಟಿಯ ನೀರು ತುಂಬಿ ಹನಿ ಹಾಕಿದೆ. ಹತ್ತು ನಿಮಿಷ ಇಬ್ಬರೂ ಕಿಟಕಿಯ ಮುಂದೆ ನಿಂತಿದ್ದೆವು. ನೀರು ನೀರಿನ ಬಣ್ಣದಲ್ಲೇ ಉಳಿಯಿತು.

ಫೋನ್ ಹೊಡೆಯಿತು.

“ನಂಬರ್ ಎಷ್ಟು?”

“ಸೊನ್ನೆ,” ಎಂದೆ. “ಇಷ್ಟು ದಿನ ಹೇಳಿದ್ದು ಸುಳ್ಳು.”

ಆಚೆ ಎಲ್ಲೋ ಲಿಫ್ಟಿನ ಬಾಗಿಲು ತೆರೆದು ಮುಚ್ಚಿಕೊಂಡಿತು. “ತುದಿ?”

“ಏಳು ಕೊಂಬೆ ಬೆಳ್ಳಗಾಗಿದೆ.”

“ಬುಡ?”

“ಇನ್ನೂ ನೇರಳೆ ಇದೆ.”

ಅವಳು ಉಸಿರು ಬಿಟ್ಟದ್ದು ಕೇಳಿಸಿತು. “ಬುಡ ಇದ್ರೆ ನೋಡೋಣ. ಅಮ್ಮನಿಗೆ ಕೊಡು.”

ಕೊಟ್ಟೆ. ಜೊತೆಗೆ ಜೇಬಿನಿಂದ ಡಬ್ಬಿಯನ್ನೂ ತೆಗೆದು ಅವರ ಇನ್ನೊಂದು ಕೈಗಿಟ್ಟೆ. ಅತ್ತೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕುಂಟುತ್ತ ತೊಟ್ಟಿಯ ಬಳಿ ಹೋದರು. “ಇಲ್ಲ ಕಣೇ, ಅವರದ್ದೇನೂ ಇಲ್ಲ. ಸೀಸೆ ತೊಳೆದಿದ್ದು ನಾನು. ಪಾಪ, ಅವರು ನಿದ್ದೆಗೆಟ್ಟು ನೋಡ್ಕೊಂಡ್ರು.”

“ಬಿಸ್ಕತ್ತಿನ ವಿಷಯಾನೂ ಹೇಳಿ,” ಎಂದೆ.

ಅತ್ತೆ ಫೋನಿನ ಬಾಯಿಗೆ ಕೈ ಮುಚ್ಚಿದರು. “ಯಾವ ಬಿಸ್ಕತ್ತು?”

ಡಬ್ಬಿಯ ಮುಚ್ಚಳ ತೆಗೆದು, ಚಿಟಿಕೆ ಹಿಡಿದು, ಎಷ್ಟು ಎಂಬಂತೆ ನನ್ನತ್ತ ನೋಡಿದರು. ಇನ್ನೊಂದು ಚೂರು ಎಂದು ಸನ್ನೆ ಮಾಡಿದೆ. ಹಾಕಿದರು. ಇನ್ಸ್‌ಪೆಕ್ಟರ್ ಬಿಳಿ ತುದಿಗಳನ್ನು ಸವರಿಕೊಂಡು ಮೇಲೆ ನುಗ್ಗಿತು. ಬಾಗಿಲ ಬಳಿಯ ಚೀಲವನ್ನು ನಾನು ಮೆಲ್ಲನೆ ಕಾಲಿನಿಂದ ಒಳಗೆ ತಳ್ಳಿದೆ.